ಚೀಟಿಯ ಕೆಲಸಗಳೂ ಮುಪ್ಪಿನ ತಾಯಿಯೂ



ಸಂಜೆಯ ಹೊತ್ತು ಇಲ್ಲಿ ಪತ್ರಿಕೆ ಓದುತ್ತ ಕುಳಿತ ಮಿತ್ರರು ನಡುವೆಯೇ ಕಿಸೆಯಿಂದ ಒಂದು ಚೀಟಿ ತೆಗೆದು ನೋಡಿ, ಪತ್ರಿಕೆಯನ್ನು ಮಡಿಚಿಟ್ಟು ಎದ್ದು ಹೋಗುವುದನ್ನು ನಾವು ದಿನವೂ ಕಾಣುತ್ತೇವೆ. ಆ ಚೀಟಿಯಲ್ಲಿ ಏನಿರುತ್ತದೆಂಬುದನ್ನು ಕೇಳಬೇಕಾದುದಿಲ್ಲ. ನಮ್ಮ ಕಿಸೆಯಲ್ಲಿಯೂ ಅಂಥದೇ ಒಂದು ಇದೆ. ಗ್ಯಾಸು, ಕರೆಂಟು ಬಿಲ್ಲು, ಮಗಳ ಶಾಲೆಯ ಫೀ, ರೇಷನ್, ಹಿಟ್ಟಿನ ಗಿರಣಿ, ಊರಿಗೆ ಹಣ, ಮತ್ತು ಕೊನೆಯ ಸಾಲಿನಲ್ಲಿ, ಅವ್ವನ ಗುಳಿಗೆ. ಈ ಸಲದ ಪಾಠ ಆ ಕೊನೆಯ ಸಾಲನ್ನು ಕುರಿತದ್ದು.

ನಾವು ಡಾಕ್ಟರರಲ್ಲ. ಮೆಟ್ರಿಕ್ ಪಾಸಾಗಿ ಭಿವಂಡಿಯ ಒಂದು ಬಟ್ಟೆ ಗಿರಣಿಯಲ್ಲಿ ಹಾಜರಿ ಪುಸ್ತಕವನ್ನೂ ಪಗಾರದ ಲೆಕ್ಕವನ್ನೂ ಬರೆಯುವವರು. ನಮ್ಮ ತಾಯಿಗೆ ಈಗ 72 ವರ್ಷ; ಸಕ್ಕರೆ ಬೇನೆ ಇದೆ, ರಕ್ತದ ಒತ್ತಡವಿದೆ, ಮೊಣಕಾಲು ನೋವಂತೂ ಇದ್ದೇ ಇದೆ. ಕಲ್ಯಾಣದ ಒಂದು ಚಾಳಿನಲ್ಲಿ ಒಂದೂವರೆ ಖೋಲಿಯಲ್ಲಿ ನಾವು ಐದು ಜನ. ಹೆಂಡತಿ ಹತ್ತು ಗಂಟೆಯಿಂದ ಎರಡರ ತನಕ ಒಂದು ಬಾಲವಾಡಿಗೆ ಕೆಲಸಕ್ಕೆ ಹೋಗುತ್ತಾಳೆ. ಇಷ್ಟು ಹೇಳಿದರೆ ಉಳಿದುದನ್ನು ವಾಚಕರು ತಾವೇ ಊಹಿಸಿಕೊಳ್ಳಬಲ್ಲರು. ಕೆಳಗೆ ಬರೆದುದೆಲ್ಲ ಡಾಕ್ಟರರು ನಮಗೆ ಹೇಳಿದ್ದು ಮತ್ತು ತಪ್ಪಿ ನಡೆದು ಕಲಿತದ್ದು.

ತಪ್ಪನ್ನೇ ಮೊದಲು ಹೇಳಿಬಿಡುತ್ತೇವೆ. 2023ರ ಜೂನ್ ತಿಂಗಳು, ನಮಗೆ ವಾರದ ರಜೆಯ ದಿನ. ಹೆಂಡತಿ ಮಗಳನ್ನೂ ಮಗನನ್ನೂ ಕರೆದುಕೊಂಡು ಶಾಲೆಯ ಪಾಲಕರ ಸಭೆಗೆ ಹೋಗಿದ್ದಳು. ಹೋಗುವಾಗ, ರೊಟ್ಟಿ ಬುಟ್ಟಿಯಲ್ಲಿದೆ, ಅತ್ತೆಯವರಿಗೆ ಸೂಜಿ ಹಾಕಿ ಬಡಿಸಿರಿ ಎಂದು ಹೇಳಿದ್ದಳು. ನಮ್ಮ ಚೀಟಿಯಲ್ಲಿ ಆ ದಿನ ಆರು ಕೆಲಸಗಳಿದ್ದವು. ಎಂಟೂವರೆಗೆ ಅವ್ವನಿಗೆ ಇನ್ಸುಲಿನ್ ಸೂಜಿ ಹಾಕಿದೆವು. ಮಳೆ ತುಸು ನಿಂತಿತ್ತು. ಇದೇ ಹೊತ್ತಿನಲ್ಲಿ ಹೋದರೆ ರೇಷನ್ ಸಾಲು ಸಣ್ಣದಿರುತ್ತದೆಂದು ಚೀಲ ಕೈಗೆತ್ತಿಕೊಂಡು, "ಅವ್ವಾ, ಹತ್ತ ಮಿನಿಟಿನ್ಯಾಗ ಬರ್ತೀನಿ, ನೀ ಉಣ್ಣು" ಎಂದೆವು. "ಹೋಗಿ ಬಾ ತಮ್ಮಾ, ಕೂಡೇ ಉಣ್ಣೂಣು" ಎಂದಳು. ಆ ಮಾತನ್ನು ಕೇಳಿಯೂ ಕೇಳದವರಂತೆ ಮೆಟ್ಟಿಲಿಳಿದೆವು.

ಅಂಗಡಿಯಲ್ಲಿ ಹೆಬ್ಬೆಟ್ಟಿನ ಯಂತ್ರಕ್ಕೆ ಸರ್ವರ್ ಸಿಗಲಿಲ್ಲ. ಈಗ ಬರುತ್ತದೆ, ಈಗ ಬರುತ್ತದೆ ಎಂದು ನಿಂತೆವು. ಒಮ್ಮೆ ನಿಂತ ಸಾಲನ್ನು ಬಿಡಲು ಯಾರಿಗೂ ಮನಸ್ಸಾಗದು. ಅರ್ಧ ಗಂಟೆ ನಿಂತವನಿಗೆ ಇನ್ನರ್ಧ ಗಂಟೆ ನಿಲ್ಲದಿದ್ದರೆ ಮೊದಲಿನದೂ ನಷ್ಟವೆಂದು ತೋರುತ್ತದೆ. ಲೆಕ್ಕ ಬರೆಯುವವರಾದ ನಮಗೂ ಹಾಗೆಯೇ ತೋರಿತು. ಮನೆಗೆ ಬಂದಾಗ ಹತ್ತೂ ಕಾಲು. ಅವ್ವ ಗೋಡೆಗೊರಗಿ ಕುಳಿತಿದ್ದಳು. ಸೀರೆ ಬೆವರಿನಿಂದ ತೊಯ್ದಿತ್ತು, ಕೈ ನಡುಗುತ್ತಿತ್ತು, ನಮ್ಮನ್ನು ನೋಡಿ ನಮ್ಮ ತೀರಿಹೋದ ಸೋದರಮಾವನ ಹೆಸರಿನಿಂದ ಕರೆದಳು. ರೊಟ್ಟಿಯ ಬುಟ್ಟಿ ಮುಚ್ಚಿದಂತೆಯೇ ಇತ್ತು. ಮಗ ಬರಲಿ, ಕೂಡಿ ಉಣ್ಣೋಣವೆಂದು ಕಾದಿದ್ದಳು.

ಮನೆಯಲ್ಲಿ ಸಕ್ಕರೆ ನೋಡುವ ಯಂತ್ರವಿದೆ. 48 ತೋರಿಸಿತು. ಸಕ್ಕರೆ ನೀರು ಕುಡಿಸಿದೆವು. ಪಕ್ಕದ ಖೋಲಿಯ ಮರಾಠಿ ಕಾಕು ಓಡಿ ಬಂದು ಕೈಹಿಡಿದು ಕುಳಿತರು. ಕಾಲು ಗಂಟೆಯಲ್ಲಿ ಅವ್ವ ನಮ್ಮನ್ನು ನಮ್ಮ ಹೆಸರಿನಿಂದ ಕರೆದಳು. ಆ ಕಾಲು ಗಂಟೆಯ ಬಗ್ಗೆ ಹೆಚ್ಚು ಬರೆಯಲಾರೆವು.

ಇನ್ನು ಇದರೊಳಗಿನ ವಿಷಯವನ್ನು ತಿಳಿಯೋಣ. ನಮ್ಮ ತಾಯಿಗೆ ಕೊಡುವಂಥ ಮಿಶ್ರ ಇನ್ಸುಲಿನ್ ಹಾಕಿದ ಅರ್ಧ ಗಂಟೆಯೊಳಗಾಗಿ ಊಟ ಆಗಲೇಬೇಕು. ಔಷಧವು ರಕ್ತದಲ್ಲಿಯ ಸಕ್ಕರೆಯನ್ನು ಇಳಿಸುವ ಕೆಲಸವನ್ನು ತಾನು ಮಾಡಿಯೇ ಮಾಡುತ್ತದೆ. ಹೊಟ್ಟೆಗೆ ಅನ್ನ ಬಿದ್ದಿದೆಯೋ ಇಲ್ಲವೋ ಎಂದು ಅದು ನೋಡುವುದಿಲ್ಲ. ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಅಪಾಯವೆಂದು ತಿಳಿಯಬೇಕು. ಬೆವರು, ನಡುಕ, ಎದೆ ಹೊಡೆದುಕೊಳ್ಳುವುದು, ತಡೆಯಲಾಗದ ಹಸಿವು ಇವು ಅದರ ಕುರುಹುಗಳು. ಆದರೆ ಮುಪ್ಪಿನವರಲ್ಲಿ ಇವೆಲ್ಲ ಕಾಣದೆ ಬರಿಯ ಮಂಕು, ತೊದಲು, ಗಲಿಬಿಲಿ, ಇಲ್ಲವೆ ನಿದ್ದೆ ಬಂದಂತೆ ಕಾಣುವುದುಂಟು. ವಯಸ್ಸಾಯಿತು, ಏನೋ ಬಡಬಡಿಸುತ್ತಾರೆಂದು ಮನೆಯವರು ಸುಮ್ಮನಿದ್ದುಬಿಡುತ್ತಾರೆ. ಹಾಗೆ ಇರಕೂಡದು. ಎಚ್ಚರವಿದ್ದರೆ ಮೂರು ಚಹದ ಚಮಚೆ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಬೇಕು. ಹದಿನೈದು ಮಿನಿಟಿನ ಮೇಲೆ ಮತ್ತೆ ಯಂತ್ರದಲ್ಲಿ ನೋಡಬೇಕು. ಏರದಿದ್ದರೆ ಮತ್ತೊಮ್ಮೆ ಅಷ್ಟೇ ಕುಡಿಸಬೇಕು. ಏರಿದ ಮೇಲೆ ರೊಟ್ಟಿಯೋ ಅನ್ನವೋ ಉಣ್ಣಿಸಬೇಕು, ಇಲ್ಲದಿದ್ದರೆ ಅದು ತಿರುಗಿ ಇಳಿಯಬಹುದು. ಎಚ್ಚರವೇ ಇಲ್ಲದಿದ್ದರೆ ಬಾಯಲ್ಲಿ ಏನನ್ನೂ ಹಾಕದೆ, ಒಂದು ಮಗ್ಗುಲಾಗಿ ಮಲಗಿಸಿ 108ಕ್ಕೆ ಫೋನು ಮಾಡಬೇಕು. ಹೀಗಾದುದನ್ನು ಮರುದಿನವೇ ಡಾಕ್ಟರರಿಗೆ ತಿಳಿಸತಕ್ಕದ್ದು. ನಾವು ನಾಚಿಕೆಯಿಂದ ಎರಡು ದಿನ ಹೇಳದೆ ಉಳಿದಿದ್ದೆವು. ಅದೂ ಒಂದು ತಪ್ಪೇ. ಹೇಳಿದಾಗ ಡಾಕ್ಟರರು ಬೈಯಲಿಲ್ಲ, ಔಷಧದ ಪ್ರಮಾಣವನ್ನು ತುಸು ಇಳಿಸಿದರು.

ಅಂದಿನಿಂದ ನಮ್ಮ ಚೀಟಿಯ ಕ್ರಮವೇ ಬದಲಾಯಿತು. ಮೊದಲು ನಾವು ಅಂಗಡಿಗಳು ತೆರೆಯುವ ಹೊತ್ತನ್ನು ನೋಡಿ ಕೆಲಸಗಳನ್ನು ಜೋಡಿಸುತ್ತಿದ್ದೆವು. ತಾಯಿಯ ಆರೈಕೆ ನಡುನಡುವಿನ ಸಂದಿಯಲ್ಲಿ ತುಂಬುತ್ತಿತ್ತು. ಈಗ ಅವಳ ದಿನವನ್ನು ಮೊದಲು ಬರೆಯುತ್ತೇವೆ. ಸೂಜಿ, ಊಟ, ಊಟದ ಮೇಲಿನ ಗುಳಿಗೆ, ಸ್ನಾನ, ಮಧ್ಯಾಹ್ನದ ಊಟ, ಸಂಜೆಯ ಚಹ, ರಾತ್ರಿಯ ಸೂಜಿ. ಇವು ಗಿರಣಿಯ ಭೋಂಗಾ ಇದ್ದಂತೆ. ನಮ್ಮ ಅನುಕೂಲ ನೋಡಿ ಹಿಂದೆ ಮುಂದೆ ಆಗತಕ್ಕವಲ್ಲ. ಇವುಗಳ ನಡುವೆ ಉಳಿದ ಹೊತ್ತಿನಲ್ಲಿ ಹೊರಗಿನ ಕೆಲಸ. ಸೂಜಿಗೂ ಊಟಕ್ಕೂ ನಡುವೆ ಬಾಗಿಲ ಹೊರಗೆ ಕಾಲಿಡುವಂತಿಲ್ಲ. ಹಾಲಿನವನಿಗೆ ಹಣ ಕೊಡಲು ಸಹ. ಇದೊಂದನ್ನು ನಾವು ಗೋಡೆಯ ಮೇಲೆ ಬರೆದು ಅಂಟಿಸಿದ್ದೇವೆ.

ಹೀಗೆ ಜೋಡಿಸಹೋದಾಗ ತಿಳಿದುಬಂದ ಒಂದು ಮಾತೆಂದರೆ, ಚೀಟಿಯ ಕೆಲಸಗಳೆಲ್ಲ ಒಂದೇ ಜಾತಿಯವಲ್ಲ. ಕರೆಂಟು ಬಿಲ್ಲು, ಗ್ಯಾಸಿನ ನೋಂದಣಿ, ಊರಿಗೆ ಹಣ ಇವಕ್ಕೆ ಈಗ ಮೊಬೈಲು ಸಾಕು. ತಾಯಿ ಉಣ್ಣುತ್ತಿರುವಾಗ ಎದುರು ಕುಳಿತು ಮಾಡಿ ಮುಗಿಸಬಹುದು. ಆದರೂ ನಮ್ಮಲ್ಲಿ ಅನೇಕರು ಕರೆಂಟು ಬಿಲ್ಲಿಗೆ ಇನ್ನೂ ಸಾಲಿನಲ್ಲಿ ನಿಲ್ಲುತ್ತಾರೆ. ಕಾರಣ ಕೇಳಿದರೆ ರಸೀದಿ ಕೈಗೆ ಬರಬೇಕೆನ್ನುತ್ತಾರೆ. ನಿಜ ಹೇಳಬೇಕೆಂದರೆ ಸಾಲಿನಲ್ಲಿ ನಾಲ್ಕು ಜನ ಮಾತಿಗೆ ಸಿಗುತ್ತಾರೆಂಬುದೂ ಒಂದು ಕಾರಣ. ತಪ್ಪೆನ್ನುವುದಿಲ್ಲ, ಆದರೆ ಅದನ್ನು ಮನೆಯ ಕೆಲಸವೆಂದು ಲೆಕ್ಕಕ್ಕೆ ಹಿಡಿಯಬಾರದು. ಹಿಟ್ಟಿನ ಗಿರಣಿ, ಔಷಧದ ಅಂಗಡಿ ಮುಂತಾದವನ್ನು ಕೆಲಸದಿಂದ ಬರುವ ದಾರಿಯಲ್ಲೇ ಮುಗಿಸಬಹುದು. ಉಳಿಯುವುದು ರೇಷನ್ ಅಂಗಡಿ, ಬ್ಯಾಂಕು, ದವಾಖಾನೆಯಂಥವು. ಎಷ್ಟು ಹೊತ್ತು ಹಿಡಿದೀತೆಂದು ಹೇಳಲಾಗದವು. ಇವಕ್ಕೆ ಹೋಗುವಾಗ ಮನೆಯಲ್ಲಿ ಮತ್ತೊಬ್ಬರು ಇರಲೇಬೇಕು. ಹತ್ತು ಮಿನಿಟು ಎಂಬ ಮಾತನ್ನು ನಮ್ಮ ಮನೆಯಲ್ಲಿ ಈಗ ಯಾರೂ ಆಡುವುದಿಲ್ಲ.

ಮತ್ತೊಬ್ಬರೆಂದರೆ ಯಾರು? ಇಲ್ಲಿ ಇನ್ನೊಂದು ಲೆಕ್ಕ ಹೇಳಬೇಕು. ನಾವು ತಾಯಿಯನ್ನು ನೋಡಿಕೊಳ್ಳುತ್ತೇವೆಂದು ಊರ ಕಡೆ ನಮ್ಮ ಬಗ್ಗೆ ಒಳ್ಳೆಯ ಮಾತಿದೆ. ಹಾಜರಿ ಬರೆಯುವ ಚಟದಿಂದ ಒಂದು ವಾರ ಮನೆಯ ಹಾಜರಿಯನ್ನೂ ಬರೆದೆವು: ತಾಯಿಯ ಕೆಲಸವನ್ನು ಯಾರು ಎಷ್ಟು ಹೊತ್ತು ಮಾಡಿದರೆಂದು. ವಾರದ ಕೊನೆಗೆ ಕೂಡಿಸಿದಾಗ ಹೆಂಡತಿಯ ಹೆಸರಿನಲ್ಲಿ ಇಪ್ಪತ್ಮೂರು ತಾಸು, ಹನ್ನೊಂದು ವರ್ಷದ ಮಗಳ ಹೆಸರಿನಲ್ಲಿ ಐದು, ನಮ್ಮ ಹೆಸರಿನಲ್ಲಿ ನಾಲ್ಕೂವರೆ. ಆ ನಾಲ್ಕೂವರೆಯಲ್ಲಿಯೂ ಎರಡು ತಾಸು ಔಷಧದ ಅಂಗಡಿಗೆ ಹೋಗಿಬರುವುದೇ. ಪುಸ್ತಕವನ್ನು ಹೆಂಡತಿಗೆ ತೋರಿಸಿದೆವು. ಅವಳು ನೋಡಿ, "ಇದನ್ನ ಬರಿಯಾಕ ಹಿಡಿದ ಹೊತ್ತನ್ನೂ ನಿಮ್ಮ ಹೆಸರಿಗೇ ಹಾಕ್ಕೊಳ್ರಿ" ಎಂದಳು. ಇದಕ್ಕೆ ಉತ್ತರ ನಮ್ಮಲ್ಲಿರಲಿಲ್ಲ. ಈಗ ಬೆಳಗಿನ ಸೂಜಿ, ಊಟ, ಸ್ನಾನದ ನೀರು ನಮ್ಮ ಪಾಳಿ. ಪಾಳಿ ಮುಗಿಸಿಯೇ ಭಿವಂಡಿಯ ರಿಕ್ಷಾ ಹಿಡಿಯುವುದು. ಸೀರೆ ಉಡಿಸುವಂಥ ಕೆಲಸ ಹೆಂಡತಿಯದು, ಅದಕ್ಕೆ ಅವ್ವನೂ ನಮ್ಮನ್ನು ಒಪ್ಪಳು.

ದೂರದಲ್ಲಿದ್ದವರಿಗೂ ಪಾಳಿ ಹಾಕಬೇಕು. ನಮ್ಮ ಅಣ್ಣ ಮುದ್ದೇಬಿಹಾಳದ ಕಡೆ ಹೊಲ ನೋಡಿಕೊಂಡಿದ್ದಾನೆ, ಅಕ್ಕ ಹುಬ್ಬಳ್ಳಿಯಲ್ಲಿದ್ದಾಳೆ. ಹಬ್ಬಕ್ಕೆ ಫೋನು ಮಾಡಿ, ಅವ್ವ ಹೇಗಿದ್ದಾಳೆಂದು ಕೇಳಿ, ಚೆನ್ನಾಗಿ ನೋಡಿಕೊ ಎಂದು ಬುದ್ಧಿ ಹೇಳುವುದು ಮೊದಲಿನ ರೂಢಿ. ಅದರಿಂದ ನಮಗೆ ಸಿಟ್ಟು ಬರುತ್ತಿತ್ತೇ ಹೊರತು ಬೇರೆ ಉಪಯೋಗವಾಗುತ್ತಿರಲಿಲ್ಲ. ಒಂದು ದಿನ ಸಿಟ್ಟನ್ನು ಬದಿಗಿಟ್ಟು ಅಕ್ಕನಿಗೆ ಒಂದು ಕೆಲಸ ಕೇಳಿದೆವು: ಹೆಂಡತಿ ಬಾಲವಾಡಿಯಲ್ಲಿರುವ ಹೊತ್ತು, ದಿನಾಲು ಹನ್ನೆರಡಕ್ಕೆ ಅವ್ವನಿಗೆ ಫೋನು ಮಾಡಿ ನೀರು ಕುಡಿದೆಯಾ ಎಂದು ಕೇಳಬೇಕು, ಎತ್ತದಿದ್ದರೆ ಪಕ್ಕದ ಕಾಕುವಿಗೆ ಮಾಡಬೇಕು. ಅಕ್ಕ ಒಂದು ದಿನವೂ ತಪ್ಪಿಸಿಲ್ಲ. ಊರಿನ ಉತಾರ, ಬ್ಯಾಂಕು ಪುಸ್ತಕ ಮುಂತಾದ ಕಾಗದಗಳ ಓಡಾಟ ಅಣ್ಣನದು. ಕಾಕುವಿನ ಹತ್ತಿರ ನಮ್ಮ ಖೋಲಿಯ ಒಂದು ಕೀಲಿ ಇರುತ್ತದೆ. ಅವರ ಗ್ಯಾಸಿನ ಟಾಕಿ ಮೇಲೆ ತರುವುದು, ಅವರ ಬಿಲ್ಲು ಕಟ್ಟುವುದು ನಮ್ಮ ಚೀಟಿಗೆ ಬಂದಿದೆ. ಪರಊರಿನಲ್ಲಿ ಬದುಕುವವರಿಗೆ ನೆರೆಯವರೇ ಬಳಗ. ಆದರೆ ಬಳಗಕ್ಕೆ ಕೊಡುವುದೂ ಇರುತ್ತದೆ.

ನೀರಿನ ಮಾತು ಬಂದಿತು. ಇದನ್ನು ತುಸು ವಿವರವಾಗಿ ಬರೆಯಬೇಕು. ಮುಪ್ಪಿನಲ್ಲಿ ಬಾಯಾರಿಕೆ ತಾನಾಗಿ ಕಡಿಮೆಯಾಗುತ್ತದೆ. ಅದರ ಮೇಲೆ ನಮ್ಮಂಥ ಚಾಳಿನಲ್ಲಿ ಸಂಡಾಸು ಇರುವುದು ಪಡಸಾಲೆಯ ತುದಿಯಲ್ಲಿ. ಮನೆಯಲ್ಲಿ ಯಾರೂ ಇಲ್ಲದ ದಿನ ಅವ್ವ ನೀರನ್ನೇ ಕುಡಿಯುತ್ತಿರಲಿಲ್ಲ. ಕುಡಿದರೆ ಒಬ್ಬಳೇ ಅಷ್ಟು ದೂರ ಹೋಗಬೇಕೆಂಬ ಹೆದರಿಕೆ. ಇದು ನಮಗೆ ತಿಳಿದದ್ದು ತಡವಾಗಿ. ನೀರು ಕಡಿಮೆಯಾದರೆ ಮಲಬದ್ಧತೆ, ಎದ್ದು ನಿಂತಾಗ ತಲೆಸುತ್ತು, ಮೂತ್ರದ ಸೋಂಕು. ಮೂತ್ರದ ಸೋಂಕಿನಲ್ಲಿ ಮುದುಕರಿಗೆ ಜ್ವರ ಬರದೆ ಬರಿಯ ಗಲಿಬಿಲಿ ಬರುವುದೂ ಉಂಟು. ಒಂದು ಕಮೋಡು ಕುರ್ಚಿಯನ್ನು ಹಳೆಯದು ಕೊಂಡು ತಂದು, ಮೂಲೆಯಲ್ಲಿ ಪರದೆ ಕಟ್ಟಿದೆವು. ಮೊದಲ ವಾರ ಅವ್ವ ಅದರ ಕಡೆ ತಿರುಗಿಯೂ ನೋಡಲಿಲ್ಲ, ಉಣ್ಣುವ ಖೋಲಿಯಲ್ಲಿ ಅದೇನೆಂದು ಮುನಿಸಿಕೊಂಡಳು. ಮಳೆಗಾಲದ ಒಂದು ರಾತ್ರಿ ಪಡಸಾಲೆಯಲ್ಲಿ ನೀರು ನಿಂತಾಗ ತಾನಾಗಿ ಬಳಸಿದಳು. ಅಂದಿನಿಂದ ಬಾಟಲಿಯ ನೀರೂ ಖಾಲಿಯಾಗುತ್ತದೆ.

ಬೀಳುವುದರ ಬಗ್ಗೆ ಒಂದೆರಡೇ ಮಾತು: ಬಚ್ಚಲ ನೆಲ ಒಣಗಿರಲಿ, ಗೋಡೆಗೆ ಹಿಡಿಕೆ ಇರಲಿ, ರಾತ್ರಿ ಒಂದು ಸಣ್ಣ ದೀಪ ಉರಿಯಲಿ. ಮಲಗಿದವರು ಒಮ್ಮೆಲೆ ಏಳದೆ ಮಂಚದ ಅಂಚಿನಲ್ಲಿ ತುಸು ಕುಳಿತು ಏಳಲಿ. ಬಾಯಿ ಒಂದು ಕಡೆ ಸೊಟ್ಟಗಾಗುವುದು, ಒಂದು ಕೈಯ ಬಲ ಹೋಗುವುದು, ಮಾತು ತೊದಲುವುದು ಕಂಡರೆ ಅದು ಲಕ್ವದ ಕುರುಹು. ಶುರುವಾದ ಹೊತ್ತನ್ನು ಗುರುತಿಟ್ಟುಕೊಂಡು ಕೂಡಲೆ ದೊಡ್ಡ ದವಾಖಾನೆಗೆ ಒಯ್ಯಬೇಕು. ರಕ್ತದ ಹೆಪ್ಪನ್ನು ಕರಗಿಸುವ ಸೂಜಿಯನ್ನು ನಾಲ್ಕೂವರೆ ತಾಸಿನೊಳಗೆ ಹಾಕಬೇಕಾಗುತ್ತದೆ. ಎಣ್ಣೆ ತಿಕ್ಕುತ್ತ ಬೆಳಗಾಗಲೆಂದು ಕಾಯಬಾರದು.

ಗುಳಿಗೆಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಮೊಣಕಾಲಿಗೆ ಒಬ್ಬ ಡಾಕ್ಟರರು, ಒತ್ತಡಕ್ಕೆ ಇನ್ನೊಬ್ಬರು, ಊರಿಗೆ ಹೋದಾಗ ಮೂರನೆಯವರು. ಒಂದೇ ಔಷಧ ಎರಡು ಕಂಪನಿಗಳ ಎರಡು ಹೆಸರಿನಲ್ಲಿ ಚೀಲ ಸೇರುತ್ತದೆ. ನಮ್ಮ ತಾಯಿ ಒಂದು ತಿಂಗಳು ಒತ್ತಡದ ಒಂದೇ ಗುಳಿಗೆಯನ್ನು ಬೆಳಿಗ್ಗೆ ಒಂದು ಹೆಸರಿನಿಂದ, ರಾತ್ರಿ ಇನ್ನೊಂದು ಹೆಸರಿನಿಂದ ನುಂಗಿದ್ದಳು. ಹಾಳೆಯ ಮೇಲೆ ಒಂದು, ಕಂಪನಿ ಇಟ್ಟ ಹೆಸರು. ಅದರ ಹತ್ತಿರ ಇರುವ ಇನ್ನೊಂದು, ಔಷಧದ ನಿಜವಾದ ಹೆಸರು. ದವಾಖಾನೆಗೆ ಹೋಗುವಾಗ ಮನೆಯಲ್ಲಿಯ ಎಲ್ಲ ಗುಳಿಗೆಗಳನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿ ಡಾಕ್ಟರರ ಮುಂದೆ ಸುರುವಬೇಕು. ನೋವಿನ ಗುಳಿಗೆಯನ್ನು ಅಂಗಡಿಯಿಂದ ತಾವೇ ತಂದು ದಿನಾಲು ಕೊಡಕೂಡದು, ಅದು ಮೂತ್ರಪಿಂಡಕ್ಕೆ ಕೆಟ್ಟದ್ದು. ಔಷಧದ ನಿಜವಾದ ಹೆಸರನ್ನು ಬರೆದುಕೊಂಡು ಜನೌಷಧಿ ಅಂಗಡಿಯಲ್ಲಿ ಕೇಳಿದರೆ ಅದೇ ಔಷಧ ಎಷ್ಟೋ ಅಗ್ಗವಾಗಿ ಸಿಗುತ್ತದೆ. ಮುಂಜಾನೆ ಹಸಿದ ಹೊಟ್ಟೆಯಲ್ಲಿ ರಕ್ತ ಕೊಡಬೇಕಾದ ದಿನ ಸಕ್ಕರೆಯ ಔಷಧವನ್ನು ಏನು ಮಾಡಬೇಕೆಂದು ಹಿಂದಿನ ದಿನವೇ ಕೇಳಿಕೊಳ್ಳಬೇಕು, ಮತ್ತು ರೊಟ್ಟಿಯ ಡಬ್ಬಿ ಜೊತೆಗಿರಬೇಕು.

ಇನ್ನು ಕಾಗದಪತ್ರಗಳು. ನಮ್ಮ ತಂದೆ ಗಿರಣಿ ಕೆಲಸಗಾರರಾಗಿದ್ದುದರಿಂದ ತಾಯಿಗೆ ಭವಿಷ್ಯನಿಧಿಯ 1995ರ ಯೋಜನೆಯಂತೆ ವಿಧವಾ ಪಿಂಚಣಿ ಬರುತ್ತದೆ. ಹಣ ಸಣ್ಣದು, ಆದರೆ ಅವಳ ಸ್ವಂತದ್ದು, ಮೊಮ್ಮಕ್ಕಳಿಗೆ ಅವಳೇ ಕೊಡುವಂಥದು. ಇದಕ್ಕೆ ವರ್ಷಕ್ಕೊಮ್ಮೆ ಜೀವಿತ ಪ್ರಮಾಣಪತ್ರ ಕೊಡಬೇಕು. ಸರಕಾರಿ ಪಿಂಚಣಿದಾರರು ನವೆಂಬರಿನಲ್ಲಿ ಕೊಡುವುದು ವಾಡಿಕೆ. ಭವಿಷ್ಯನಿಧಿಯವರು ವರ್ಷದ ಯಾವ ದಿನವಾದರೂ ಕೊಡಬಹುದು, ಕೊಟ್ಟ ದಿನದಿಂದ ಒಂದು ವರ್ಷ ನಡೆಯುತ್ತದೆ. ಮುದಿ ತಾಯಿಯನ್ನು ಇದಕ್ಕಾಗಿ ರಿಕ್ಷಾದಲ್ಲಿ ಕೂರಿಸಿಕೊಂಡು ಹೋಗಬೇಕಾದ ಕಾಲ ಈಗಿಲ್ಲ. 2014ರಲ್ಲಿ ಜೀವನ್ ಪ್ರಮಾಣ್ ಎಂಬ ವ್ಯವಸ್ಥೆ ಬಂದಿತು. ದುಡಿದು ಸವೆದ ಕೈಬೆರಳ ಗೆರೆ ಯಂತ್ರಕ್ಕೆ ಹತ್ತದಿದ್ದವರಿಗೆ 2021ರಿಂದ ಮೊಬೈಲಿನಲ್ಲಿ ಮುಖ ತೋರಿಸಿದರೂ ಆಗುತ್ತದೆ. ಅಂಚೆಯವರು ಮನೆಗೇ ಬಂದು ಮಾಡಿಕೊಡುವುದೂ ಇದೆ. 70 ವರ್ಷ ದಾಟಿದವರಿಗೆ ಮನೆಬಾಗಿಲಲ್ಲಿ ಸೇವೆ ಕೊಡಬೇಕೆಂದು ರಿಸರ್ವ್ ಬ್ಯಾಂಕು 2017ರಲ್ಲಿಯೇ ಬ್ಯಾಂಕುಗಳಿಗೆ ಹೇಳಿದೆ. ಕೇಳಿದವರಿಗೆ ಸಿಗುತ್ತದೆ, ಆದುದರಿಂದ ಕೇಳಬೇಕು.

70 ತುಂಬಿದವರಿಗೆ, ಆದಾಯ ಎಷ್ಟೇ ಇರಲಿ, 2024ರ ಅಕ್ಟೋಬರಿನಿಂದ ಆಯುಷ್ಮಾನ್ ವಯ ವಂದನಾ ಕಾರ್ಡು ಕೊಡುತ್ತಿದ್ದಾರೆ. ದವಾಖಾನೆಯಲ್ಲಿ ದಾಖಲಾದಾಗಿನ ಖರ್ಚಿಗೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ತನಕ. ವಯಸ್ಸನ್ನು ಆಧಾರಿನಿಂದ ನೋಡುತ್ತಾರೆ. ನಮ್ಮ ಊರ ಕಡೆಯ ತಾಯಂದಿರ ಆಧಾರಿನಲ್ಲಿ ಜನ್ಮವರ್ಷ ಹತ್ತು ವರ್ಷ ಹಿಂದೆ ಮುಂದೆ ಇರುವುದು ಸಾಮಾನ್ಯ, ಕಾಯಿಲೆ ಬೀಳುವ ಮೊದಲೇ ನೋಡಿಟ್ಟುಕೊಳ್ಳಿರಿ. ಗಿರಣಿಯಲ್ಲಿ ಇಎಸ್‌ಐ ಕಡಿತವಾಗುವವರು ತಮ್ಮನ್ನೇ ಅವಲಂಬಿಸಿದ ತಾಯಿಯ ಹೆಸರನ್ನು ಅದರಲ್ಲಿ ಸೇರಿಸಲು ಬರುತ್ತದೆಯೇ ಎಂದು ಕಚೇರಿಯಲ್ಲಿ ವಿಚಾರಿಸಬೇಕು. ಪಗಾರದ ಹಾಳೆ ಬರೆಯುವ ನಾವು ಕಂಡಂತೆ ಹೆಂಡತಿ ಮಕ್ಕಳ ಹೆಸರು ಎಲ್ಲರೂ ಬರೆಸುತ್ತಾರೆ, ತಾಯಿಯದನ್ನು ಮರೆಯುತ್ತಾರೆ. ತಾಯಿ ಕೆಲವು ತಿಂಗಳು ಊರಿಗೆ ಹೋದರೆ ಅವಳ ಪಾಲಿನ ರೇಷನ್ನನ್ನು ಅದೇ ಕಾರ್ಡಿನಿಂದ ಅಲ್ಲಿ ಎತ್ತಬಹುದು, ಆಧಾರು ಜೋಡಣೆಯಾಗಿದ್ದರೆ ಸಾಕು. ಯಾರೂ ಇಲ್ಲದ ಹಿರಿಯರಿಗೆ, ಅಥವಾ ಮಕ್ಕಳಿದ್ದೂ ಇಲ್ಲದವರಿಗೆ, 14567 ಎಂಬ ಸಹಾಯವಾಣಿ ಇದೆ.

ಇಷ್ಟೆಲ್ಲ ವ್ಯವಸ್ಥೆ ಮಾಡಿಕೊಂಡು ನಾವು ತೃಪ್ತರಾಗಿದ್ದೆವು. ಗೋಡೆಯ ಮೇಲೆ ಅವಳ ವೇಳಾಪತ್ರಿಕೆ, ಕಿಸೆಯಲ್ಲಿ ನಮ್ಮ ಚೀಟಿ. ಒಂದು ದಿನ ಮಗಳು ಆ ಚೀಟಿಯನ್ನು ಅವ್ವನಿಗೆ ಓದಿ ಹೇಳುತ್ತಿದ್ದಳು. ಗ್ಯಾಸು, ಹಿಟ್ಟು, ಅಜ್ಜಿ, ಫೀ ಎಂದು. ಅವಸರದಲ್ಲಿ ಹಾಗೆ ಬರೆದಿದ್ದೆವು. ಅವ್ವ ಕೇಳಿಸಿಕೊಂಡು ನಮ್ಮ ಕಡೆ ತಿರುಗಿ, "ಗ್ಯಾಸಿನ ಸಂಗಾಟ ನನ್ನೂ ಬರದೀ ಏನಪಾ?" ಎಂದಳು. ನಗುತ್ತಲೇ ಕೇಳಿದಳು. ಆದರೆ ಆ ರಾತ್ರಿ ಹೆಂಡತಿ ಹೇಳಿದಳು: ಮೂರು ತಿಂಗಳಿಂದ ನೀವು ಅತ್ತೆಯವರೊಡನೆ ಸೂಜಿ, ಊಟ, ಗುಳಿಗೆ ಬಿಟ್ಟು ಬೇರೆ ಮಾತೇ ಆಡಿಲ್ಲ. ನೆನೆಸಿ ನೋಡಿದರೆ ನಿಜ. ಆರೈಕೆಯನ್ನು ಸರಿಯಾಗಿ ಮಾಡಹೋಗಿ ಅವಳ ಪಕ್ಕದಲ್ಲಿ ಕೂಡುವುದನ್ನೇ ಬಿಟ್ಟಿದ್ದೆವು.

ಮತ್ತು ಅವಳ ಕೈಯಿಂದ ಕೆಲಸವನ್ನೆಲ್ಲ ಕಸಿದುಕೊಂಡಿದ್ದೆವು. ನಲವತ್ತು ವರ್ಷ ಸಂಸಾರ ನಡೆಸಿದವಳಿಗೆ ಕುಳಿತುಕೊ, ಕುಳಿತುಕೊ ಎಂದರೆ ಅದು ಗೌರವವೋ ಶಿಕ್ಷೆಯೋ ತಿಳಿಯದು. ಈಗ ಹಾಲಿನ ಲೆಕ್ಕ ಅವಳದು. ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆಯುತ್ತಾಳೆ, ತಿಂಗಳ ಕೊನೆಗೆ ಹಾಲಿನವನಿಗಿಂತ ಅವಳ ಲೆಕ್ಕವೇ ಸರಿಯಿರುತ್ತದೆ. ಸೊಪ್ಪು ಸೋಸುವುದು, ಬೇಳೆ ಹಸನು ಮಾಡುವುದು ಅವಳ ಪಾಳಿ. ರಜೆಯ ದಿನ ಊಟವಾದ ಮೇಲೆ ಬಾಜಿ ಮಾರ್ಕೆಟ್ಟಿಗೆ ಅವಳನ್ನೂ ಕರೆದೊಯ್ಯುತ್ತೇವೆ. ನಾವೊಬ್ಬರೇ ಹೋದರೆ ಇಪ್ಪತ್ತು ಮಿನಿಟಿನ ಕೆಲಸ, ಅವಳ ಸಂಗಡ ಒಂದೂ ಕಾಲು ತಾಸು. ಮೂಲೆಯ ಚಹದಂಗಡಿಯ ಬಾಕಿನ ಮೇಲೆ ಎರಡು ಸಲ ಕೂಡಬೇಕು. ಕಿಸೆಯಲ್ಲಿ ಸಕ್ಕರೆಯ ಪೊಟ್ಟಣ ಇರುತ್ತದೆ. ಬದನೆಕಾಯಿಯನ್ನು ತಿರುಗಿಸಿ ನೋಡಿ, ಹುಳುಕೆಂದು ಮಾರುವವಳಿಗೆ ಕನ್ನಡದಲ್ಲೇ ಬೈದು, ಮರಾಠಿಯಲ್ಲಿ ಅವಳು ತಿರುಗಿ ಬೈದು, ಇಬ್ಬರೂ ನಕ್ಕು, ಎರಡು ಹೆಚ್ಚಿಗೆ ಹಾಕಿಸಿಕೊಂಡು ಬರುತ್ತಾಳೆ. ಬಾಕಿನ ಮೇಲೆ ಕುಳಿತಾಗ ನಮ್ಮ ತಂದೆಯ ಮಾತು, ಊರಿನ ಬಾವಿಯ ಮಾತು, ನಾವು ಹುಟ್ಟಿದ ವರ್ಷದ ಮಳೆಯ ಮಾತು ಹೊರಡುತ್ತದೆ. ಚೀಟಿಯಲ್ಲಿ ಆ ದಿನದ ಒಂದೆರಡು ಕೆಲಸಗಳು ಉಳಿದುಹೋಗುತ್ತವೆ, ಮರುದಿನಕ್ಕೆ ಬರೆದುಕೊಳ್ಳುತ್ತೇವೆ.

ಜೀವಿತ ಪ್ರಮಾಣಪತ್ರವನ್ನು ಮೊಬೈಲಿನಲ್ಲಿ ಮಾಡಲು ಬಾರದವರು ರವಿವಾರ ಸಂಜೆ ಐದರಿಂದ ಏಳರ ತನಕ ವಾಚನಾಲಯದಲ್ಲಿ ನಮ್ಮನ್ನು ಕಾಣಬಹುದು. ಆಧಾರು, ಪಿಂಚಣಿಯ ಪಿಪಿಒ ಸಂಖ್ಯೆ, ಆಧಾರಿಗೆ ಜೋಡಿಸಿದ ಮೊಬೈಲು ತರಬೇಕು. ತಾಯಿಗೆ ಮೆಟ್ಟಿಲೇರಲು ಆಗದಿದ್ದರೆ ಹೇಳಿ ಕಳಿಸಿರಿ. ನಾವೇ ಮನೆಗೆ ಬರುತ್ತೇವೆ. ಅವರ ಊಟದ ಹೊತ್ತು ಯಾವುದೆಂದು ಮಾತ್ರ ಮೊದಲೇ ತಿಳಿಸಬೇಕು.